ಬಂದಿರಬೇಕು

ನಮ್ಮ ಕಂಟ್ರೋಲ್ ರೂಮಿನ ನೆಲಕ್ಕ ಶಹಾಬಾದಿ ಫರಸಿ.
ನೀರು ಹೊಡೆದು ಒರೆಸಿದಾಗಷ್ಟೇ ಕಾಣ್ತದ
ಅದರ ಮೈಮ್ಯಾಗಿನ ಸಣ್ಣ ತೆರಿ.
ತರಬೇತಿಗಿ ಬಂದಿದ್ದ ಸೆಲ್ವಿನ್ ಸಾಹೇಬ್ರು, ತೂತುಕುಡಿಯವ್ರು,
ಹನ್ನೊಂದು ವರ್ಷ ಪರದೇಶದ ಸಮುದ್ರದಾಗ
ಗಾಳಿಕಂಬ ಕಾದವ್ರು,
ಬೂಟು ಬಿಚ್ಚಿ ಬರಿಗಾಲಿಲೆ ಸವರಿ
ತಮ್ಮ ಅರ್ಧಂಬರ್ಧ ಕನ್ನಡದಾಗ ಹೇಳಿದ್ರು:
"ಇದು ಕಡಲು, ಜಗದೇವಿ. ನೀವು ತಳದಲ್ಲಿ ಕೂತಿದೀರಿ."

ಅವತ್ತ ನಕ್ಕಿದ್ದೆ. ಚಿತ್ತಾಪುರದ ಈ ಕಡಿ
ಕಡಲಂದ್ರ ತೊಗರಿ ಹೊಲ.

ಅವ್ರು ಕಲಿಸಿದ್ದು ಬಹಳಿಲ್ಲ.
ನೀರಿನ್ಯಾಗ ಒಬ್ಬನ ಲೆಕ್ಕ ತಪ್ಪಿದ್ರ ದೋಣಿ ಹೊಂಡೂದಿಲ್ಲ,
ತೆರಿ ಎಷ್ಟೇ ಏಳ್ಲಿ, ಸಾಹೇಬ ಎಷ್ಟೇ ಚೀರ್ಲಿ.
ಏರಾಂವ ತನ್ನ ಕೆಂಪು ಕೀಲಿ ತಾನೇ ಹಾಕಬೇಕು,
ಇಳಿದು ತಾನೇ ತೆಗೀಬೇಕು.
ಕೀಲಿಕೈ ಒಂದೇ. ಅದು ಅವನ ಕಿಸೆದಾಗ.

ಹದಿನೇಳನೇ ಕಂಬ. ಚಿತ್ತಿ ಮಳಿಯ ಸಂಜಿ.
ರುಕ್ಮೋದ್ದೀನ್, ಬಂಡೆಪ್ಪ ಮ್ಯಾಲಿದ್ರು
ಬೋಲ್ಟು ಬಿಗಿಲಿಕ್ಕ.
ಹವಾ ಸೆಕೆಂಡಿಗಿ ಹತ್ತು ಮೀಟರ್, ಹನ್ನೊಂದು;
ಸೇಡಂ ಕಡಿಂದ ಮೋಡ
ಸುಟ್ಟ ಹಂಚಿನ ಬಣ್ಣಾಗಿ ಬರ್ಲಿಕ್ಕತ್ತಿತ್ತು.
ಇಳೀರಿ, ಅಂದೆ ವಾಕಿಟಾಕಿದಾಗ.
"ಇನ್ನಾ ಎಂಟೇ ಅವರೀ ಮೇಡಂ."
ಎಂಟಿರ್ಲಿ, ಅರ್ಧ ಇರ್ಲಿ, ಇಳೀರಿ.

ಏಳಕ್ಕ ಬಂಡೆಪ್ಪ ಒಬ್ಬನೇ ತೊಯ್ಸಿಕೊಂಡು ಬಂದ,
ಸಹಿ ಮಾಡ್ದ.
ಅಂವ ಎಲ್ಲಿ?
"ನನ್ನ ಹಿಂದ ಇದ್ದ ರೀ. ಬಂದಿರಬೇಕು."
ಅವನ ಕೀಲಿ?
"ಅಲ್ಲೇ ನೇತಾಡ್ಲಿಕ್ಕತ್ತಿತ್ತು."
ಅವನ ಫೋನು ಬಂದ್.

ಕಲಬುರಗಿಂದ ಮ್ಯಾನೇಜರ್:
ಇಂಥಾ ಹವಾದಾಗ ಹದಿನೇಳು ಯಾಕ ನಿಂತದ?
ಕೀಲಿ ಕತ್ತರಿಸಿ ಚಾಲೂ ಮಾಡ್ರಿ, ಅಂವ ಮನಿಗಿ ಹೋಗಿರಬೇಕು.

ನನ್ನ ರಜಿಸ್ಟರಿನಾಗ ಎರಡೇ ಖಾನಿ ಅವ:
ಏರಿದ ಹೊತ್ತು, ಇಳಿದ ಹೊತ್ತು.
'ಬಂದಿರಬೇಕು' ಅನ್ಲಿಕ್ಕ ಖಾನಿ ಇಲ್ಲ.

ಈ ಮಾತು ನಂಗ ಹೊಸದಲ್ಲ.
ನಮ್ಮಪ್ಪ ಫರಸಿ ಖಣ್ಯಾಗ ಸುರಂಗಕ್ಕ ಬತ್ತಿ ಹಚ್ಚತಿದ್ದ.
ಹಚ್ಚೂ ಮೊದಲ ಕೆಂಪು ಅರಿವಿ ಬೀಸಿ
ಮೂರು ಸಲ ಒದರತಿದ್ದ.
ಒಂದಿನ ಎಲ್ಲಾರೂ ಮ್ಯಾಲ ಬಂದ್ರು,
ಘಾಳೆಪ್ಪ ಕಾಕಾ ಒಬ್ಬ ಕಾಣಲಿಲ್ಲ.
ಯಾರೋ ಅಂದ್ರು, ಬಂದಿರಬೇಕು.
ಆಮ್ಯಾಲ ಅಪ್ಪ ಇಪ್ಪತ್ತು ವರ್ಷ ಬದುಕಿದ.
ಬೀಡಿ ಹಚ್ಚೂದು ಬಿಟ್ಟ.
ದೇವರ ದೀಪ ಸೈತ ಅವ್ವನೇ ಹಚ್ಚತಿದ್ಲು.

ಜೀಪ್ ತಗೊಂಡು ಹೋದೆ.
ಸಿಡಿಲಿನ್ಯಾಗ ಏರಬಾರ್ದು; ಅದೂ ನಿಯಮ,
ನಾನೇ ಗೋಡಿಗಿ ಅಂಟಿಸಿದ್ದು.
ಕಂಬಕ್ಕ ಕಲ್ಲಿಲೆ ಬಡದೆ.
ಎಂಬತ್ತು ಮೀಟರ್ ಪೊಳ್ಳು ಉಕ್ಕು,
ನನ್ನ ಬಡಿತ ಮ್ಯಾಲತನಕ ಹೋಗಿ ನನಗೇ ತಿರುಗಿ ಬಂತು.
ರುಕ್ಮೋದ್ದೀನಾ, ಅಂತ ಒದರಿದೆ.
ಮಿಂಚಿದಾಗೊಮ್ಮೆ ಮೂರೂ ರೆಕ್ಕಿ ಬೆಳ್ಳಗ ಕಂಡು ಹೋಗತಿದ್ವು.
ಸುತ್ತ ಕತ್ತಲಿನ್ಯಾಗ ತೊಗರಿ
ಏಳೂದು, ಬೀಳೂದು, ಏಳೂದು.
ಸೆಲ್ವಿನ್ ಸಾಹೇಬ್ರು ಖರೇ ಹೇಳಿದ್ರು.

ಹನ್ನೊಂದೂ ಹತ್ತಕ್ಕ ಫೋನು.
"ಮೇಡಂ, ವಾಡಿದಾಗ ಇದ್ದೀನಿ.
ಮಗಳ ಟ್ಯೂಷನ್ ಆಟೋ ಹಳ್ಳದ ಆಚಿ ಸಿಕ್ಕಿತ್ತು,
ಹಂಗೇ ಓಡಿದೆ. ಬ್ಯಾಟರಿ ಸತ್ತಿತ್ತು. ಬೈಬ್ಯಾಡ್ರಿ.
ಕೀಲಿಕೈ ಕಿಸೆದಾಗೇ ಅದ."
ಬೈದೆ. ಬಹಳ ಬೈದೆ.
ಆಮ್ಯಾಲ ಸ್ಟೇರಿಂಗಿಗಿ ಹಣಿ ಇಟ್ಟು ಕುಂತೆ.

ಈಗರೆ ಕತ್ತರಿಸ್ರಿ, ಅಂದ್ರು ಮ್ಯಾನೇಜರ್.
ದನಿ ಕೇಳೀನಿ, ಮಾರಿ ನೋಡಿಲ್ಲ, ಅಂದೆ.
ರಾತ್ರಿಡೀ ಅಂಥಾ ಹವಾ ಸುಮ್ಮ ಹೋತು,
ಹದಿನೇಳು ಅಲ್ಲಾಡಲಿಲ್ಲ,
ಹಿಡಿಯಷ್ಟು ಕೀಲಿಗಿ.

ಮುಂಜಾನಿ ಬಂದ, ತಲಿ ತಗ್ಗಿಸಿ, ಡಬ್ಬಿ ಹಿಡ್ಕೊಂಡು.
ಕೀಲಿ ತೆಗೆದು ಬಂದು ರಜಿಸ್ಟರಿನಾಗ ಬರೆದ:
ಇಳಿದ ಹೊತ್ತು, ಆರೂ ನಲವತ್ತು.
ಖರೇ ಅದ.
ಅದರ ಬಾಜೂಕ ನಾ ಪೆನ್ಸಿಲ್ಲಿಲೆ ಬರೆದೆ:
ಹನ್ನೊಂದೂ ಹತ್ತು.

ಫರಸಿ ಮ್ಯಾಲ ಅವನ ಬೂಟಿನ ಕರಿ ಕೆಸರು.
ಬಕೀಟು ತರ್ಲಿಕ್ಕ ಎದ್ದೆ.