ಎಡಗಡೆಯದು

ಮಧ್ಯಾಹ್ನ ಜುಂಬೆರ್ ತನ್ನ ಮಾನಿಟರನ್ನು
ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಹೋದ.
ನನ್ನ ದುಡ್ಡಿನದು, ಅಂದ. ಹೌದು, ಅವನ ದುಡ್ಡಿನದೇ.
ಒಂದೇ ಯಂತ್ರ, ಎರಡು ಪರದೆ:
ಅವನದರಲ್ಲಿ ಅಕ್ಷರ, ನನ್ನದರಲ್ಲಿ ಬಣ್ಣ.
ಜಗಳ ಇಷ್ಟೇ. ಲೇಬಲ್ಲಿನ ಕೆಂಪು
ದಾಳಿಂಬೆಯದಿರಲಿ ಅಂತ ನಾನು,
ಇಟ್ಟಿಗೆಯದು ಅಂತ ಅವನು.

ಸಂಜೆ ತೆಲಾವಿಯಲ್ಲಿ ಕರೆಂಟು ಹೋಯಿತು.
ದ್ರಾಕ್ಷಿ ಕೊಯ್ಲಿನ ತಿಂಗಳು; ಊರಿಗೆ ಊರೇ
ಪಂಪು, ಗಾಣ ಹಚ್ಚಿಕೊಂಡು ಕೂತರೆ
ತಂತಿಗೂ ಏದುಸಿರು ಬರದೆ ಇದ್ದೀತೆ?
ಒಂಬತ್ತಕ್ಕೆ ಬಂತು. ಯಂತ್ರವೂ ಎದ್ದಿತು,
ಫ್ಯಾನು ತಿರುಗಿತು, ಡಿಸ್ಕು ಕಟಕಟ ಅಂದಿತು,
ಪರದೆ ಮಾತ್ರ
ಬೆಳಗಿದ್ದೂ ಖಾಲಿ. ಕಡುಬೂದು.
ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ.
ನಡುವೆ ಒಂದು ಬಾಣ.
ಮೌಸು ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು, ಅಷ್ಟೇ.

ಬೆಳಗ್ಗೆ ಏಳಕ್ಕೆ ಗುರಾಮ್ ಬರುತ್ತಾನೆ.
ಅವನ ನೆಲಮಾಳಿಗೆಯಲ್ಲಿ ನಾಲ್ಕು ಸಾವಿರ ಬಾಟಲಿ
ಬೆತ್ತಲೆ ನಿಂತಿವೆ.

ನಾನು ಗಾಬರಿಯಾಗುವವಳಲ್ಲ. ಆದೆ.
ಕೇಬಲ್ಲು ಕಿತ್ತು ಚುಚ್ಚಿದೆ. ಊದಿದೆ. ಬೈದೆ.
ಆಮೇಲೆ ಮೂರು ಕೀಲಿ ಒಟ್ಟಿಗೆ ಒತ್ತಿ
ಚಿತ್ರವಿಲ್ಲದ ಹಿತ್ತಲಿಗೆ ಇಳಿದೆ.
ಅಲ್ಲಿ ಕರಿಹಲಗೆ, ಬಿಳಿ ಅಕ್ಷರ, ಮಿಟುಕುವ ಒಂದು ಗೆರೆ:
ಮುಂಬಾಗಿಲು ಹಾಕಿದ ಮನೆಯಲ್ಲೂ
ಒಲೆಯ ಹತ್ತಿರ ಯಾರೋ ಎಚ್ಚರವಿದ್ದ ಹಾಗೆ.

ಲಾಗ್ ತೆಗೆದು ಓದಿದೆ.
ತಪ್ಪಾದ ಕಡೆ ಅದೇ ಗುರುತು ಹಾಕಿರುತ್ತದೆ,
ಜೋಡಿ ಅಕ್ಷರ, ಕಂಸದೊಳಗೆ. ಸಾವಿರದ ನಾನೂರು ಸಾಲು
ಕಾಳು ಆರಿಸುವ ಹಾಗೆ ಆರಿಸಿದೆ.
ಒಂದೂ ಕಲ್ಲಿಲ್ಲ.
ಡ್ರೈವರ್ ಸರಿ. ಕರ್ನೆಲ್ ಸರಿ. ಕಾರ್ಡ್ ಸರಿ.
ನನಗೇನೂ ಆಗಿಲ್ಲ ಎನ್ನುವ ರೋಗಿಯ
ನಾಡಿ ಹಿಡಿದು ಎಷ್ಟು ಹೊತ್ತು ಕೂರಲಿ?

ಹತ್ತೂವರೆ. ಬೇರೆ ದಾರಿಯಿಲ್ಲದೆ ಫೋನ್ ಮಾಡಿದೆ.
ಹಿಂದೆ ಗದ್ದಲ, ಯಾರೋ ಮೂರು ದನಿಯಲ್ಲಿ ಹಾಡುತ್ತಿದ್ದಾರೆ;
ಮಾವನ ಮನೆಯಲ್ಲಿ ಹಣ್ಣು ತುಳಿಯಲು ಹೋಗಿದ್ದಾನೆ.
"ಲಾಗ್ ಏನನ್ನುತ್ತೆ?" ಬಾಯಲ್ಲಿ ಆಕ್ರೋಟು.
"ಎಲ್ಲ ಸರಿ ಅನ್ನುತ್ತೆ."
"ಬಾಣ ಎಡಕ್ಕೆ ತಳ್ಳು, ಲಾಮಾರಾ."
ತಳ್ಳಿದೆ. ಅಂಚಿಗೆ ಬಂದು ನಿಲ್ಲಬೇಕಾದದ್ದು
ನಿಲ್ಲಲಿಲ್ಲ. ದಾಟಿತು. ಹೋಯಿತು,
ಮೇಜಿನ ಎಡಕ್ಕೆ,
ಧೂಳಿನ ನಡುವೆ ಒಂದು ಚೌಕ ಚೊಕ್ಕಟವಾಗಿ ಉಳಿದ ಜಾಗಕ್ಕೆ.

ಇಬ್ಬರೂ ಸುಮ್ಮನಿದ್ದೆವು.
"ಅಡಾಪ್ಟರ್ ಅಲ್ಲೇ ಬಿಟ್ಟು ಬಂದೆ," ಅಂದ ಕೊನೆಗೆ.

ಬಗ್ಗಿ ನೋಡಿದರೆ, ಯಂತ್ರದ ಬೆನ್ನಿಗೆ
ಹೆಬ್ಬೆರಳಷ್ಟು ಕರಿ ತುಂಡು ನೇತಾಡುತ್ತಿದೆ,
ಆಚೆ ಕಡೆ ಏನೂ ಇಲ್ಲದಿದ್ದರೂ
ಇದೆ, ಇದೆ, ಎಂದು ಸುಳ್ಳು ಹೇಳುತ್ತ.
ಯಂತ್ರ ನಂಬಿಬಿಟ್ಟಿತ್ತು.
ಹೆಸರು ಕೇಳುವ ಕಿಟಕಿಯನ್ನು
ಇಲ್ಲದ ಪರದೆಯ ನಟ್ಟನಡುವೆ ತೆರೆದಿಟ್ಟು
ಒಂದೂವರೆ ಗಂಟೆ ಕಾದಿತ್ತು, ಒಳ್ಳೆ ಮನಸ್ಸಿನಿಂದ.

ಸೆಟ್ಟಿಂಗಿನ ಕಡತದಲ್ಲಿ ಅವನದೇ ಕೈ, ಆರು ವರ್ಷ ಹಳತು:
ಎಡಗಡೆಯದು ಮುಖ್ಯ.
ಬಲಗಡೆಯದು ಅದರ ಪಕ್ಕಕ್ಕೆ.
ಬಲಗಡೆಯದು ನನ್ನದು. ದಿನವೂ ಕಂಡದ್ದೇ,
ಬರೆದಿಟ್ಟದ್ದನ್ನು ಓದಿರಲಿಲ್ಲ.

ತುಂಡನ್ನು ಕಿತ್ತಿದ್ದರೂ ಸಾಕಿತ್ತು.
ಅದು ಅವನ ದುಡ್ಡಿನದು, ಅವನೇ ಬಂದು ಕಿತ್ತುಕೊಳ್ಳಲಿ.
ಸಾಲನ್ನು ಅಳಿಸಬಹುದಿತ್ತು, ಕೈ ಬರಲಿಲ್ಲ.
ಅದರ ತಲೆಗೆ ಒಂದು # ಇಟ್ಟೆ.
ಇನ್ನು ಸಾಲು ಇದ್ದಲ್ಲೇ ಇರುತ್ತದೆ,
ಬಗ್ಗಿ ಓದುವವರಿಗೆ ಕಾಣುತ್ತದೆ,
ಯಂತ್ರಕ್ಕೆ ಮಾತ್ರ ಕೇಳಿಸುವುದಿಲ್ಲ.

ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬಂತು.
ನನ್ನ ಹೆಸರು ಕೇಳಿತು.

ಛಾಪಿಸುವ ಮುಂಚೆ ಕೆಂಪನ್ನು
ಇಟ್ಟಿಗೆಯ ಕಡೆಗೆ ಎರಡಂಕಿ ಸರಿಸಿದೆ.
ಎರಡೇ.
ಬೆಳಗ್ಗೆ ಗುರಾಮ್ ಕಟ್ಟು ಎಣಿಸಿಕೊಂಡು ಹೋದ.
ಬಣ್ಣ ನೋಡಲೇ ಇಲ್ಲ.