ಅಗುಳಿ ಯಾವ ಕಡೆ

ರಂಗಯ್ಯನ ಬಾಗಿಲಿನಿಂದ ನಾಲ್ಕು ಹೆಜ್ಜೆಗೆ ನಮ್ಮ ಪ್ರೆಸ್ಸು.
ಪತ್ರಿಕೆಯ ಒಕ್ಕಣೆಯನ್ನು ಜನ
ಮೊಬೈಲಿನಲ್ಲೇ ಒತ್ತಿ ಕಳಿಸುತ್ತಾರೆ, ಬೋಳು ಅಕ್ಷರ.
ದಪ್ಪ ಯಾವುದು, ಓರೆ ಯಾವುದು, ಫೋನು ಮಾಡಿ ಕೇಳಬೇಕು.
ಒಂದು ಭಾನುವಾರ ಕೂತು ನಾನೇ ಕಟ್ಟಳೆ ಮಾಡಿದೆ:
ಆಚೆ ಈಚೆ ನಕ್ಷತ್ರವಿಟ್ಟರೆ ದಪ್ಪ,
ಅಡಿಗೆರೆ ಇಟ್ಟರೆ ಓರೆ.
ಕಾರ್ತಿಕದವರೆಗೂ ನಡೆಯಿತು.

ಆಮೇಲೆ ಬಂತು ಹಿರೇಗುಂಟನೂರಿನ ಜ್ಯೋತ್ಸ್ನಾಳ ಮದುವೆ.
ದಪ್ಪ ಸಾಲಿನ ನಡುವೆ ಓರೆಯಾಗಿ ಒಂದು ಮಾತು,
ಆ ಓರೆ ಮಾತಿನೊಳಗೆ ಮತ್ತೆ ದಪ್ಪಗೆ
ತೀರಿಕೊಂಡ ಅಜ್ಜಿಯ ಹೆಸರು: ಸಣ್ಣನಿಂಗಮ್ಮ.
ಅಜ್ಜಿಗೆ ತೆರೆಯಲೆಂದು ಇಟ್ಟ ನಕ್ಷತ್ರ
ಹೊರಗಿನವರ ಬಾಗಿಲು ಮುಚ್ಚಿತು.
ಐನೂರು ಕಾರ್ಡಿನಲ್ಲಿ ಬೀಗರೆಲ್ಲ ದಪ್ಪ,
ಅವಳೊಬ್ಬಳೇ ಸಣ್ಣ.
ಕೆಂಚಪ್ಪನವರು ಬೈಯಲಿಲ್ಲ.
‘ಬದುಕಿದ್ದಾಗ್ಲೂ ಹಂಗೇ ಇದ್ಲು ಬಿಡಮ್ಮ ನಮ್ಮವ್ವ.’

‘ಮೊಳೆ ಜೋಡಿಸೋ ಕಾಲದಾಗೆ
ದಪ್ಪಂದು ಬೇರೆ ಖಾನೆ, ಸಣ್ಣಂದು ಬೇರೆ ಖಾನೆ,
ಭಾರ ಬೆರಳಿಗೇ ಗೊತ್ತಾಗೋದು’
ಅಂದರು ದಸ್ತಗೀರ್ ಸಾಬರು, ಚಹಾ ಆರಿಸುತ್ತ.

ಸಂಜೆ ಕೋಟೆ ಹತ್ತಿದೆ, ಸಿಟ್ಟಿಗೆ.
ಬಾಗಿಲ ಕಲ್ಲಿನಲ್ಲಿ ಅಗುಳಿಯ ಗೂಡು, ಒಳಮೈಗೆ ಮಾತ್ರ.
ಕತ್ತಲಲ್ಲಿ ಸವರಿದರೂ ತಿಳಿಯುತ್ತದೆ
ನಾನು ಒಳಗಿದ್ದೇನೆಯೋ ಹೊರಗೋ.
ನಕ್ಷತ್ರಕ್ಕೆ ಯಾವ ಮುಖ, ಯಾವ ಬೆನ್ನು?
ಕಾವಲಿನ ಪಾಲಯ್ಯ ಸೀಟಿ ಊದುತ್ತ
ಮೇಲಿನಿಂದ ಒಂದೊಂದೇ ಸುತ್ತು ಇಳಿದು ಬಂದ.
‘ಯಾಕೆ, ಕೆಳಗಿಂದಲೇ ಮುಚ್ಚಬಾರದಾ?’
‘ಹೊರಗಿಂದು ಮೊದ್ಲು ಹಾಕಿದ್ರೆ
ಒಳಗಿದ್ದೋರು ಏನಾಗ್ಬೇಕ್ರೀ?’

ರಾತ್ರಿಯೇ ಕಟ್ಟಳೆ ಬದಲಾಯಿಸಿದೆ.
ಹೂಕಂಸ: ಹೊಟ್ಟೆ ಒಳಕ್ಕೆ, ಬೆನ್ನು ಹೊರಕ್ಕೆ,
ಮುಂದೊಂದು ದ, ಇಲ್ಲವೇ ಓ.
ಕೊನೆಗೆ ಹೊಕ್ಕದ್ದು ಮೊದಲು ಮುಚ್ಚಬೇಕು.
ಎಷ್ಟು ಆಳಕ್ಕೆ ಇಳಿದರೂ ದಾರಿ ತಪ್ಪುವುದಿಲ್ಲ.

ಆದರೆ ಫೋನಿನಲ್ಲಿ ಹೂಕಂಸ ಮೂರನೇ ಪುಟದಲ್ಲಿದೆ,
ಯಾರೂ ಅಷ್ಟು ದೂರ ಹೋಗುವುದಿಲ್ಲ.
ಬೆಳಿಗ್ಗೆ ಬಂದದ್ದು ನಾಮಕರಣದ್ದು:
ಮಗುವಿನ ಹೆಸರಿನ ಮುಂದೆ ಒಂದೇ ಒಂದು ನಕ್ಷತ್ರ,
ಮುಚ್ಚಿದ್ದು ಎಲ್ಲೂ ಇಲ್ಲ.

ಹೊಟ್ಟೆಕಿಚ್ಚು ನನಗೆ ಜ್ಯೋತ್ಸ್ನಾಳ ಹೆಸರಿನ ಮೇಲೆ.
ತಕಾರದ ಕೆಳಗೆ ಸಕಾರ, ಅದಕ್ಕೂ ನಕಾರ ಜೋತು,
ಯಾರು ತೆರೆದರು, ಯಾರು ಮುಚ್ಚಿದರು?
ಮೂರನೇ ತರಗತಿಯ ಹುಡುಗ ತಡವರಿಸಿ
ಓದಿಯೇ ಬಿಡುತ್ತಾನೆ.

ಒಂದೇ ಒಂದು ಕಾರ್ಡು ಮತ್ತೆ ಅಚ್ಚು ಹಾಕಿದೆ,
ಮೇಜಿನ ಗಾಜಿನಡಿ ಇದೆ.
ಮೂರು ಸುತ್ತಿನ ಒಳಗೆ ಸಣ್ಣನಿಂಗಮ್ಮ
ದಪ್ಪಗೆ ಕೂತಿದ್ದಾಳೆ.