ಬರ್ಫದ ಟೈರು

ಹುಮನಾಬಾದ ನಾಕಾದಾಗ
ಮೂವತ್ತೊಂದು ವರ್ಷ ಟೈರು ಬಿಚ್ಚೀನಿ, ಹಾಕೀನಿ.
ಎರಿ ಹೊಲದ ಕೆಸರಿಗಿ ಯಾವುದು ಬೇಕು ಕೇಳ್ರಿ,
ಸೋಲಾಪುರ ರೋಡಿನ ಬ್ಯಾಸಗಿಗಿ ಯಾವುದು ತಾಳ್ತದ ಕೇಳ್ರಿ,
ನಿದ್ದಿಗಣ್ಣಾಗೂ ಹೇಳ್ತೀನಿ.
ಸೈಬಣ್ಣ ಅವತ್ತು ಬಂದವನೇ
ಲಾರಿ ಬಂದ್ ಮಾಡದೇ ಮ್ಯಾಲಿಂದೇ ಕೇಳಿದ:
'ಉಸ್ತಾದ್, ಬರ್ಫದಾಗ ಓಡೋ ಟೈರು ಅದಾವೇನು?'

ನಕ್ಕೆ. ಮಗ್ಗಲ ಚಾದಂಗಡಿ ತಿಪ್ಪವ್ವನೂ ನಕ್ಕಳು.
'ಬರ್ಫ ಬೇಕಂದ್ರ ಗೋಲಾ ಗಾಡಿ ನಿಂತದ ನೋಡು, ಅದರ ಮ್ಯಾಲ ಓಡಸು.'
ಅವ ನಗಲಿಲ್ಲ.
ಹದಿನಾರು ಟನ್ ತೊಗರಿಬ್ಯಾಳಿ,
ಬನಿಹಾಲ್ ಘಾಟು ದಾಟಿ ಮುಟ್ಟಿಸಬೇಕು,
ಅದೂ ಪುಷ್ಯದಾಗ.
ಹಿಂದಿನ ಸಲ ಅವನ ಮುಂದಿನ ಗಾಡಿ
ಬ್ರೇಕ್ ತುಳಿದರೂ ಹೋಗ್ತಲೇ ಇತ್ತಂತ,
ಸಪ್ಪಳಿಲ್ಲದಂಗ, ಮೆಲ್ಲಕ,
ಎಮ್ಮಿ ಕೆರಿಗಿ ಇಳಿದಂಗ.

ನಾ ಬರ್ಫ ಕಂಡಿದ್ದು
ಮೀನಿನ ಮ್ಯಾಲ, ಹೆಣದ ಮಗ್ಗಲಿಗಿ, ಅಷ್ಟೇ.
ಕಾಣದ ದಾರಿಗಿ ಕಾಲು ಹ್ಯಾಂಗ ಆರಿಸೋದು?

ಎರಡು ತುಂಡು ರಬ್ಬರ ಕೊಯ್ದೆ.
ಒಂದು ನಮ್ಮ ಬಿಸಿಲಿನ ಟೈರಿಂದು,
ಒಂದು ಹೈದ್ರಾಬಾದಿನ ಗುಜರಿಯಿಂದ ತರಿಸಿದ ಮೆತ್ತಂದು.
ಖಮರೊದ್ದೀನನ ಐಸ್ ಫ್ಯಾಕ್ಟ್ರಿಯಾಗ
ರಾತ್ರೆಲ್ಲ ಇಟ್ಟು, ನಸುಕಿನ್ಯಾಗ ತೆಗೆದು
ಹೆಬ್ಬೆಟ್ಟಿನ ಉಗುರು ಊರಿದೆ.
ನಮ್ಮದು ಕೋಡಾಗಿತ್ತು.
ಕಲ್ಲಿಗಿ ಬಡಿದರ ಟಣ್ ಅಂತು.
ಮೂವತ್ತೊಂದು ವರ್ಷ ಅದನ್ನೇ ಹೊಗಳಿ ಮಾರಿದ್ದೆ,
'ಗಟ್ಟಿ ಅದ ತಗೊರಿ, ಗಟ್ಟಿ ಅದ.'
ಮೆತ್ತಂದು ಇನ್ನೂ
ಮಣೀತಿತ್ತು, ಏಳ್ತಿತ್ತು,
ಕೂಸಿನ ಕಿವಿ ಹಾಲಿಯಂಗ.

'ಸೈಬಣ್ಣ, ಹತ್ತೂ ಒಂದೇ ಜಾತಿದು ಹಾಕಬೇಕು.
ಮುಂದ ಮೆತ್ತಂದು ಹಿಂದ ಹಳೇದು ಅಂದ್ರ
ತಲಿ ನಿಲ್ತದ, ಬಾಲ ತಿರಗ್ತದ.
ಗೆರಿಯೊಳಗ ಸಣ್ಣ ಗೆರಿ ಅದಾವ ನೋಡು,
ಬ್ಲೇಡಿಲೆ ಗೀರಿದಂಗ, ಹಿಡಿಯೋವು ಅವೇ.
ಎಂಟಾಣೆ ಇಳಿಬಿಡು, ಅರ್ಧ ಮುಳಗಬೇಕು.
ಮಗ್ಗಲಿಗಿ ನಾಕು ಅಂಕಿ ಬರದಾರ: ವಾರ, ವರ್ಷ.
ಹುಟ್ಟಿದ ದಿನ ಅದು. ಮುದುಕಾಗಿದ್ರ
ಮೈಯಿ ಎಷ್ಟು ಮಿಂಚಲಿ, ಬ್ಯಾಡ ಅನ್ನು.
ಥಂಡಿಗಿ ಗಾಳಿ ಕುಗ್ತದ, ದಿನಾ ಮುಂಜಾನೆ ಚೆಕ್ ಮಾಡು.
ಚೈನು ಒಂದು ಜೋಡಿ ಸೀಟಿನ ಕೆಳಗ ಇರಲಿ.
ಮತ್ತ ಯಾವ ಟೈರೂ
ಬ್ರೇಕ್ ತುಳಿಯೋ ಕಾಲಿಗಿ ಬುದ್ಧಿ ಕೊಡಂಗಿಲ್ಲ.'

ಇದೆಲ್ಲ ನನಗ ಹ್ಯಾಂಗ ಗೊತ್ತು?
ಅರ್ಧ ಹೈದ್ರಾಬಾದಿನ ಸೇಠ್ ಫೋನಿನಾಗ ಹೇಳಿದ್ದು,
ಅರ್ಧ ಶ್ರಾವಣದ ಎರಿ ಮಣ್ಣು ಕಲಿಸಿದ್ದು.
ಅದೂ ಹಿಂಗೇ ಗೆರಿ ತುಂಬಿಕೊಂಡು
ಹೊಸಾ ಟೈರನ್ನ ಬೋಳು ಮಾಡ್ತದ.

ಒಂಬತ್ತನೇ ದಿನಕ್ಕ ಫೋನು.
ಮಾತಿಲ್ಲ. ಕಿಡಕ್ಯಾಗಿಂದ ಹೊರಗ ಹಿಡಿದಿದ್ದ.
ಕರ್ರ್... ಕರ್ರ್...
ರಾಶಿ ಮುಗಿದ ಕಣದಾಗ
ತೊಗರಿ ಹೊಟ್ಟಿನ ಮ್ಯಾಲ ಬಂಡಿ ಹೋದಂಗ.
'ಕೇಳ್ತದೇನು ಉಸ್ತಾದ್?'
'ಕೇಳ್ತದ. ನೀ ಎರಡೂ ಕೈಲೆ ಸ್ಟೇರಿಂಗ ಹಿಡಿ.'

ಶಿವರಾತ್ರಿ ಮುಗದ ಮ್ಯಾಲ ಬಂದ.
ಹತ್ತೂ ಬಿಚ್ಚಿದೆ. ಇಲ್ಲಿ ಡಾಂಬರಿಗಿ ಅವು
ಬೆಣ್ಣಿ ಸವದಂಗ ಸವೀತಾವ.
ತೊಳೆದು, ನೆರಳಾಗ ನಿಲ್ಲಿಸಿ
ಸುಣ್ಣದಿಂದ ಬರದೆ: ಮುಂದ ಎಡ, ಮುಂದ ಬಲ.
ಒಂದರ ಗೆರಿಯಾಗ ಹರಳು ಸಿಕ್ಕಿತ್ತು,
ಬೂದಿ ಬಣ್ಣ. ನಮ್ಮ ಕೆಂಪಲ್ಲ, ಕರೀನೂ ಅಲ್ಲ.
ಸ್ಕ್ರೂಡ್ರೈವರಿಲೆ ಎಬ್ಬಿಸಿ
ಅಂಗೈಯಾಗ ಹಿಡಿದೆ, ಥಂಡಿ ಇದ್ದೀತಂತ.
ಇರಲಿಲ್ಲ. ಇಲ್ಲಿ ಕಲ್ಲಿನಂಗೇ ಸುಡ್ತಿತ್ತು.

ತಿಪ್ಪವ್ವ ಕೇಳಿದಳು, 'ಬರ್ಫ ತಂದಾನೇನು?'
'ತಂದಿದ್ದನಂತ. ಬೀದರ ದಾಟೂದ್ರಾಗ ಕರಗಿತು.'
ಅಷ್ಟರಾಗ ಒಂದು ಬೈಕು ಪಂಕ್ಚರು ಬಂತು.